ಕನ್ನಡಕದವರು ಕಂಡ ಮೊಟ್ಟೆ

ಆ ಬೀದಿಯ ಅರ್ಧ ಜನರ ಮೂಗಿನ ಮೇಲಿರುವುದು ಅವರು ಕೂರಿಸಿದ ಕನ್ನಡಕ. ಅಂಚೆಯವರು, ಹಲ್ಲಿನ ಡಾಕ್ಟರು, ಶಾಲೆಯ ಹೆಡ್‌ಮಾಸ್ತರು, ಯಾರ ಫ್ರೇಮು ಸಡಿಲವಾದರೂ ಹತ್ತುವುದು ಅವರ ಅಂಗಡಿಯ ಮೆಟ್ಟಿಲನ್ನೇ. ಹಾಗಾಗಿ ಎದುರಿಗೆ ಎಲ್ಲರೂ ಅವರನ್ನು ಕನ್ನಡಕದವರು ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ಜೀರೋ ಪವರ್.

ಈ ಎರಡನೆಯ ಹೆಸರನ್ನು ಅವರೇ ಕೇಳಿ ಪಡೆದದ್ದು ಎನ್ನಬೇಕು. ಅವರ ಮುಖದ ಮೇಲೆ ಚಿನ್ನದ ಬಣ್ಣದ ತೆಳು ಫ್ರೇಮೊಂದು ಸದಾ ಇರುತ್ತಿತ್ತು. "ಇದು ಅಂಗಡಿ ಮರ್ಯಾದೆಗೆ ಹಾಕ್ಕೊಂಡಿರೋದು. ಬರೀ ಗಾಜು, ಪವರ್ ಜೀರೋ. ಐವತ್ತೆಂಟು ತುಂಬಿತು, ಇವತ್ತಿನವರೆಗೂ ಈ ಕಣ್ಣಿಗೆ ಒಂದು ನಂಬರು ಬಂದಿಲ್ಲ," ಎಂದು ಬಂದ ಗಿರಾಕಿಗೆಲ್ಲ ಹೇಳುತ್ತಿದ್ದರು. ಪಾಪ, ಗಿರಾಕಿ ತನ್ನ ಕಣ್ಣಿನ ಕಷ್ಟ ಹೇಳಿಕೊಳ್ಳಲು ಬಂದಿರುತ್ತಿದ್ದ. ಇವರ ಕಣ್ಣಿನ ಸುಖ ಕೇಳಿಕೊಂಡು ಹೋಗುತ್ತಿದ್ದ.

ಈ ಜಂಭಕ್ಕೆ ವಂಶದ ಬೆಂಬಲವೂ ಇತ್ತು. ಅಂಗಡಿ ಹಾಕಿದ ಅವರ ಅಪ್ಪ ಎಂಬತ್ತನೆಯ ವಯಸ್ಸಿನಲ್ಲಿ ಅಂಗಡಿಯ ಬಾಗಿಲಲ್ಲಿ ಕೂತು, ಕನ್ನಡಕವಿಲ್ಲದೆ ಸೂಜಿಗೆ ನೂಲು ಪೋಣಿಸಿ ತೋರಿಸುತ್ತಿದ್ದರು. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಆ ಸೂಜಿಯನ್ನು ಮಗ ಗಾಜಿನ ಡಬ್ಬಿಯಲ್ಲಿ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟಿದ್ದರು.

ನಿಜ ಸಂಗತಿ ಬೇರೆ. ಕನ್ನಡಕದವರಿಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಬೀದಿಯ ಆ ತುದಿಯಲ್ಲಿ ಯಾರ ಫ್ರೇಮು ಯಾವ ಕಡೆ ವಾಲಿದೆ ಎಂದು ಈ ತುದಿಯಿಂದಲೇ ಹೇಳಬಲ್ಲರು. ಹತ್ತಿರದ್ದು ಮಾತ್ರ ನಾಲ್ಕು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಪೇಪರನ್ನು ಕೈ ಚಾಚಿ ಹಿಡಿದು, ತಲೆಯನ್ನು ಹಿಂದಕ್ಕೆ ಎಳೆದುಕೊಂಡು ಓದುತ್ತಿದ್ದರು. "ರೀ, ನಿಮ್ಮ ಕೈ ಇನ್ನೊಂದು ಗೇಣು ಉದ್ದ ಇದ್ದಿದ್ರೆ ಸಾಕಾಗಿತ್ತು ನೋಡಿ," ಎಂದು ಹೆಂಡತಿ ಚುಚ್ಚುತ್ತಿದ್ದರು. ಫ್ರೇಮಿನ ಸಣ್ಣ ಸ್ಕ್ರೂ ತಿರುಗಿಸುವ ಕೆಲಸವನ್ನು "ನಂಗೆ ಕೈ ಸ್ವಲ್ಪ ನಡುಗುತ್ತೆ" ಎಂಬ ನೆಪ ಹೇಳಿ ಹೆಂಡತಿಗೇ ದಾಟಿಸಿದ್ದರು. ಅವರ ಕೈ ಯಾವತ್ತೂ ನಡುಗಿದ್ದಿಲ್ಲ. ಕಣ್ಣಿನ ಮಾನ ಉಳಿಸಲು ಕೈಯ ಮಾನ ಕಳೆದಿದ್ದರು.

ಹತ್ತಿರದ ಓದನ್ನು ಪರೀಕ್ಷಿಸಲು ಅಂಗಡಿಯಲ್ಲೊಂದು ಕಾರ್ಡು ಇತ್ತು. ಅದರಲ್ಲಿ ಒಬ್ಬ ಬಡಗಿಯ ಕಥೆ. ಮೊದಲ ಸಾಲು ದಪ್ಪ ಅಕ್ಷರದಲ್ಲಿ ಶುರುವಾಗಿ, ಸಾಲಿನಿಂದ ಸಾಲಿಗೆ ಸಣ್ಣದಾಗುತ್ತ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆಗಿಂತ ಚಿಕ್ಕದಾಗಿರುತ್ತಿತ್ತು. ಹೆಂಡತಿ ವರ್ಷಕ್ಕೊಮ್ಮೆ ಆ ಕಾರ್ಡು ಹಿಡಿದು ಗಂಡನನ್ನು ಪರೀಕ್ಷೆಗೆ ಕೂರಿಸುತ್ತಿದ್ದರು. "ಬಡಗಿ ಬಾಗಿಲು ತೆಗೆದ, ಹೊರಗೆ ಬೆಳಕಿತ್ತು" ಎಂಬ ಕೊನೆಯ ಸಾಲನ್ನೂ ಅವರು ತಡವರಿಸದೆ ಒಪ್ಪಿಸುತ್ತಿದ್ದರು. ಒಂದು ವರ್ಷ ಕಾರ್ಡು ತಲೆಕೆಳಗಾಗಿದ್ದಾಗಲೂ ಒಪ್ಪಿಸಿದ್ದರು. ಅವತ್ತು ಹೆಂಡತಿ ತುಂಬ ಹೊತ್ತು ನಕ್ಕು, ಆಮೇಲೆ ಆ ಸುದ್ದಿಯನ್ನೇ ಬಿಟ್ಟುಬಿಟ್ಟರು.

ಇಲ್ಲಿಯವರೆಗೆ ಯಾರಿಗೂ ನಷ್ಟವಿರಲಿಲ್ಲ. ನಷ್ಟ ಶುರುವಾದದ್ದು ಅಕ್ಕ ಬಿದ್ದ ಮೇಲೆ.

ಅಕ್ಕ ಇವರಿಗಿಂತ ಒಂಬತ್ತು ವರ್ಷ ದೊಡ್ಡವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು, ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ತಲುಪಿಸಿ ನಿವೃತ್ತರಾದವರು. ಆ ಕೆಲಸಕ್ಕೆ ಹೇಳಿ ಮಾಡಿಸಿದ ಗುಣವೊಂದು ಅವರಿಗೆ ಹುಟ್ಟಿನಿಂದಲೇ ಇತ್ತು: ಯಾವ ಪ್ರಶ್ನೆಯನ್ನೂ ಎರಡು ಸಲ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ "ಹಲ್ಲುಜ್ಜಿದ್ಯಾ?" ಎಂದು ಮೂರು ಸಲ ಕೇಳಿ, ಮೂರನೆಯ ಸಲ ಬಾಯಿ ತೆರೆಸಿ ಮೂಸಿ ನೋಡುತ್ತಿದ್ದರು. ಅಕ್ಕ ಒಂದೇ ಸಲ ಕೇಳುತ್ತಿದ್ದರು, ಉತ್ತರವನ್ನು ನಂಬುತ್ತಿದ್ದರು, ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಅದಕ್ಕೇ ಅಮ್ಮನ ಮುಂದೆ ಸಲೀಸಾಗಿ ಸುಳ್ಳು ಹೇಳುತ್ತಿದ್ದ ಹುಡುಗನಿಗೆ ಅಕ್ಕನ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೆ ಬಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ಜೇನುಪೆಟ್ಟಿಗೆಯ ಸಮೇತ. ಹದಿನೇಳು ವರ್ಷದ ಹಿಂದೆ ಭಾವ ಒಂದು ಮರದ ಪೊಟರೆಯಿಂದ ಹಿಡಿದು ತಂದ ಜೇನು ಕುಟುಂಬ ಅದು. ರಾಣಿಗೆ ವಯಸ್ಸಾದರೆ ಅವಳ ಮಗಳು ರಾಣಿ, ಆಮೇಲೆ ಮೊಮ್ಮಗಳು, ಹೀಗೆ ಅದೇ ವಂಶ ನಡೆದುಬಂದಿತ್ತು. ಹೊರಗಿನಿಂದ ಒಂದು ರಾಣಿಯನ್ನೂ ತಂದು ಹಾಕಿರಲಿಲ್ಲ. ಅಕ್ಕ ಅದನ್ನು "ನಮ್ಮನೆಯವರ ಪೆಟ್ಟಿಗೆ" ಎಂದೇ ಕರೆಯುತ್ತಿದ್ದರು. ಭಾವನ ಫೋಟೋಗೆ ಒರೆಸುವ ಬಟ್ಟೆ ತಾಗಿದ್ದು ಯಾರೂ ನೋಡಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ಮಾತ್ರ ದಿನಾ ಒರೆಸಿಕೊಳ್ಳುತ್ತಿತ್ತು.

ಕೆಳಗೆ ಅಂಗಡಿ, ಅದರ ಮೇಲೆ ಮನೆ, ಮನೆಯ ಮೇಲೆ ತಾರಸಿ. ಮೂವತ್ತನಾಲ್ಕು ಮೆಟ್ಟಿಲು, ಹದಿನೇಳರ ಹತ್ತಿರ ಒಂದು ತಿರುವು. ತಾರಸಿಯಲ್ಲಿ ನೀರಿನ ಟ್ಯಾಂಕಿನ ಮರೆಗೆ ಪೆಟ್ಟಿಗೆ. ಬೇಸಿಗೆ ಮುಗಿಯುತ್ತಿದ್ದಾಗ ಒಂದು ದಿನ ಅಕ್ಕ ಆ ಮೆಟ್ಟಿಲು ಇಳಿಯುತ್ತ ಜಾರಿ, ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೆಟ್ಟಿಲು ಹತ್ತುವ ಹಾಗಿಲ್ಲವೆಂದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಂದರೆ ಕಣ್ಣು ಪರೀಕ್ಷೆ ಮಾಡುವ ಕೋಣೆಯಲ್ಲಿ, ಅವರ ಮಂಚ ಬಿತ್ತು. ಕಣ್ಣು ತೋರಿಸಲು ಬಂದವರು ಅಕ್ಕನ ಕಾಲ ಬಳಿ ನಿಂತು ಗೋಡೆಯ ಮೇಲಿನ ಅಕ್ಷರ ಓದಬೇಕಾಗಿತ್ತು. ತಪ್ಪಿದರೆ ಅಕ್ಕ ಮಲಗಿದಲ್ಲಿಂದಲೇ ತಿದ್ದುತ್ತಿದ್ದರು.

"ಪುಟ್ಟೂ," ಎಂದು ಅಕ್ಕ ತಮ್ಮನನ್ನು ಹತ್ತಿರ ಕರೆದರು. "ನಮ್ಮನೆಯವರ ಪೆಟ್ಟಿಗೆ ನಿನ್ನ ಕೈಲಿ ಕೊಡ್ತಿದ್ದೀನಿ. ಈ ಚಳಿಗಾಲ ಒಂದು ದಾಟಿಸಿಬಿಡು. ಹೂವು ಬಿಡೋ ಹೊತ್ತಿಗೆ ನಾನೇ ಮೇಲೆ ಬಂದು ನೋಡ್ಕೋತೀನಿ."

ಐವತ್ತೆಂಟು ವರ್ಷದ ಪುಟ್ಟು ಎದೆಯುಬ್ಬಿಸಿ ಒಪ್ಪಿಕೊಂಡರು. ಹತ್ತು ವರ್ಷ ಅಕ್ಕನ ಹಿಂದೆ, ನೊಣ ಕಚ್ಚದಂತೆ ಹೊಗೆಡಬ್ಬ ಹಿಡಿದು ನಿಂತಿದ್ದೇನೆ, ಇದರಲ್ಲೇನು ಮಹಾ ವಿದ್ಯೆ ಎಂಬುದು ಅವರ ಲೆಕ್ಕಾಚಾರ.

"ರಾಣೀನ ಹುಡುಕ್ತಾ ಕೂರಬೇಡ," ಎಂದು ಅಕ್ಕ ಹೇಳಿಕೊಟ್ಟರು. "ಮೇಣದ ಎರಿಯ ಪುಟ್ಟ ಪುಟ್ಟ ಕೋಣೆ ಒಳಗೆ ಮೊಟ್ಟೆ ಇದೆಯಾ ನೋಡು. ಮೊಟ್ಟೆ ಇದ್ರೆ ಎಲ್ಲಾ ಸರಿ ಇದೆ ಅಂತ ಅರ್ಥ. ರಾಣಿ ಕಂಡಳು ಅಂದ್ರೆ ಏನೂ ಅರ್ಥ ಇಲ್ಲ."

ಮೊಟ್ಟೆ ಎಂದರೆ ಏನು ಗಾತ್ರ? ನುಚ್ಚಕ್ಕಿಗಿಂತ ಸಣ್ಣದು, ಬಿಳೀ ನೂಲಿನ ತುಣುಕಿನ ಹಾಗೆ ಒಂದೊಂದು ಕೋಣೆಯ ತಳದಲ್ಲಿ ಒಂದೊಂದು ನಿಂತಿರುತ್ತದೆ. ಕನ್ನಡಕದವರು ತಲೆಯಾಡಿಸಿದರು. ರಾಣಿ ಎಂದರೆ ಉದ್ದ ಮೈಯವಳು, ಬೆನ್ನ ಮೇಲೆ ಅಕ್ಕ ಹಚ್ಚಿದ ಕೆಂಪು ನೇಲ್ ಪಾಲಿಶ್ಶಿನ ಚುಕ್ಕಿ ಬೇರೆ. ಕೈ ಚಾಚಿದರೆ ಅವಳು ಕಾಣುತ್ತಾಳೆ. ಮೊಟ್ಟೆಯ ವಿಷಯವನ್ನು ಅವರು ಮನಸ್ಸಿನಲ್ಲೇ ಪಕ್ಕಕ್ಕಿಟ್ಟರು.

ಮೊದಲ ಎರಡು ಸಲ ಏನೂ ತೊಂದರೆಯಾಗಲಿಲ್ಲ. ಮೂರನೆಯ ಸಲ ಪೆಟ್ಟಿಗೆ ತೆರೆದಾಗ ಗಾಳಿ ತಣ್ಣಗಾಗಿತ್ತು, ಮರಗಳು ಎಲೆ ಉದುರಿಸಲು ಶುರುಮಾಡಿದ್ದವು. ರಾಣಿ ಇದ್ದಳು, ಚುಕ್ಕಿ ಇರಲಿಲ್ಲ. ಹಳೆಯ ರಾಣಿ ಏನಾದಳೋ ದೇವರಿಗೇ ಗೊತ್ತು. ಹಿಂದಿನ ಸಲ ಎರಿ ಕಟ್ಟಿದ ಮರದ ಚೌಕಟ್ಟನ್ನು ಪೆಟ್ಟಿಗೆಗೆ ಇಳಿಸುವಾಗ ಇವರೇ ಕಾಣದೆ ಅಮುಕಿದರೋ, ಅವಳೇ ಮುದಿಯಾಗಿ ಹೋದಳೋ. ನೊಣಗಳು ಅಷ್ಟರಲ್ಲಿ ಇನ್ನೊಬ್ಬಳನ್ನು ಬೆಳೆಸಿಕೊಂಡಿದ್ದವು.

"ಅಕ್ಕಾ, ಹೊಸ ರಾಣಿ!" ಎಂದು ಕನ್ನಡಕದವರು ಮೆಟ್ಟಿಲ ಬಾಯಿಗೆ ಬಂದು ಕೂಗಿದರು, ತಾವೇ ಹೆತ್ತವರ ಸಂಭ್ರಮದಲ್ಲಿ.

ಕೆಳಗಿನಿಂದ ಅಕ್ಕ, "ಈ ಕಾಲದಲ್ಲಾ? ಕೆಳಗೆ ಬಾ," ಎಂದರು.

ಅಕ್ಕ ಹೇಳಿದ್ದು ಇಷ್ಟು. ಹೊಸ ರಾಣಿ ಹುಟ್ಟಿದರೆ ಸಾಲದು. ಬಿಸಿಲಿರುವ ಒಂದು ದಿನ ಅವಳು ಹೊರಗೆ ಹಾರಿ, ಆಕಾಶದಲ್ಲಿ ಗಂಡುನೊಣಗಳನ್ನು ಕೂಡಿ ಬರಬೇಕು. ಹುಟ್ಟಿದ ಮೂರು ನಾಲ್ಕು ವಾರದೊಳಗೆ ಅದಾದರೆ ಆಯಿತು, ಜೀವಮಾನಕ್ಕೆ ಸಾಕು. ಆಗದಿದ್ದರೆ ಮತ್ತೆಂದೂ ಇಲ್ಲ. ಚಳಿ ಶುರುವಾದ ಮೇಲೆ ಹಾರಲು ಬಿಸಿಲಿರುವುದಿಲ್ಲ. ಗಂಡುನೊಣಗಳನ್ನೂ ಉಳಿದವು ತಿನ್ನಲು ದಂಡ ಎಂದು ಅಷ್ಟು ಹೊತ್ತಿಗೆ ಹೊರಗೆ ಅಟ್ಟಿರುತ್ತವೆ. ಕೂಡದ ರಾಣಿ ನೋಡಲು ರಾಣಿಯೇ. ಓಡಾಡುತ್ತಾಳೆ, ಸೇವೆ ಮಾಡಿಸಿಕೊಳ್ಳುತ್ತಾಳೆ. ಆದರೆ ಅವಳಿಂದ ಕೆಲಸದ ನೊಣ ಒಂದೂ ಹುಟ್ಟುವುದಿಲ್ಲ, ಬಹಳ ದಿನ ಕಳೆದು ಮೊಟ್ಟೆಯಿಟ್ಟರೂ ಬರೀ ಗಂಡು. ಇರುವ ಮುದಿ ನೊಣಗಳು ಒಂದೊಂದಾಗಿ ಉದುರಿ, ಚಳಿಗಾಲ ಮುಗಿಯುವ ಮೊದಲೇ ಪೆಟ್ಟಿಗೆ ಖಾಲಿ.

"ಹದಿನೈದು ದಿನ ಬಿಟ್ಟು ನೋಡು," ಎಂದರು ಅಕ್ಕ. "ಮೊಟ್ಟೆ ಇದ್ರೆ ಸರಿ. ಇಲ್ಲದಿದ್ರೆ ಹೇಳು, ಏನೂ ಚಿಂತೆ ಇಲ್ಲ. ಬೇಕರಿಯವರ ಹತ್ರ ಮೊಟ್ಟೆ ಇಡೋ ರಾಣಿ ಒಬ್ಬಳು ಹೆಚ್ಚಿಗೆ ಇದ್ದಾಳೆ, ಅವಳನ್ನ ತಂದು ಇದರೊಳಗೆ ಸೇರಿಸಿಬಿಡೋಣ. ವಂಶ ಎಲ್ಲೂ ಹೋಗಲ್ಲ, ಅವರ ಜೇನೂ ನಮ್ಮದೇ ತಾನೇ."

ಅದೂ ನಿಜವೇ. ಮೂರು ವರ್ಷದ ಹಿಂದೆ ಈ ಪೆಟ್ಟಿಗೆಯಿಂದ ಎದ್ದ ಹಿಂಡೊಂದು ಬೇಕರಿಯವರ ಹೊಗೆಗೂಡಿನ ಪಕ್ಕ ಕೂತಿತ್ತು. ಅಕ್ಕ "ಇಟ್ಕೊಳ್ಳಿ" ಎಂದಿದ್ದರು. ಬೇಕರಿಯವರು ಅಂದಿನಿಂದ ಜೇನು ಸಾಕುವವರಾಗಿ, ಈಗ ಎರಡು ದೊಡ್ಡ ಪೆಟ್ಟಿಗೆ, ಒಂದು ಚಿಕ್ಕ ಪೆಟ್ಟಿಗೆಯ ಯಜಮಾನರಾಗಿದ್ದರು.

ಆ ಹದಿನೈದು ದಿನ ಬಿಸಿಲು ಮುಖ ತೋರಿಸಲಿಲ್ಲ. ಮಳೆ, ಗಾಳಿ, ಮತ್ತೆ ಮಳೆ. ಹದಿನಾರನೆಯ ದಿನ ಮಧ್ಯಾಹ್ನ ಮೋಡ ಸ್ವಲ್ಪ ಸರಿದಾಗ ಕನ್ನಡಕದವರು ಮುಖಪರದೆ ಹಾಕಿಕೊಂಡು ಪೆಟ್ಟಿಗೆ ತೆರೆದರು. ಚೌಕಟ್ಟನ್ನು ಕೈ ಚಾಚಿ ಹಿಡಿದರು. ದೂರ ಹಿಡಿದರೆ ಕೋಣೆಗಳು ಸ್ಪಷ್ಟ, ಆದರೆ ತೀರ ಸಣ್ಣವು. ಹತ್ತಿರ ತಂದರೆ ದೊಡ್ಡವು, ಆದರೆ ಎಲ್ಲ ಕಲಸಿಹೋದವು. ತಲೆ ಹಿಂದಕ್ಕೆ ಹಾಕಿದರು, ಓರೆ ಮಾಡಿದರು, ಒಂದು ಕಣ್ಣು ಮುಚ್ಚಿ ನೋಡಿದರು. ಒಂದು ಕಡೆ ಏನೋ ಬೆಳ್ಳಗೆ ಮಿನುಗಿದ ಹಾಗಿತ್ತು. ಮೊಟ್ಟೆಯೋ, ಬೆಳಕೋ, ತಮ್ಮದೇ ಪರದೆಯ ಎಳೆಯೋ ಗೊತ್ತಾಗಲಿಲ್ಲ. ಕೆಳಗೆ ಇಳಿದು ಹೋಗಿ ಅಂಗಡಿಯ ಗಾಜಿನ ಕಪಾಟಿನಿಂದ ಓದುವ ಕನ್ನಡಕವೊಂದನ್ನು ತಂದಿದ್ದರೆ ಎರಡು ನಿಮಿಷದ ಕೆಲಸ. ಅಲ್ಲಿ ಮುನ್ನೂರು ಕನ್ನಡಕಗಳಿದ್ದವು.

ಆದರೆ ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಕೂತಿದ್ದರು. ಅರ್ಧ ಗಂಟೆಯ ಹಿಂದೆಯಷ್ಟೇ ಅವರಿಗೆ ಇವರು ಅಪ್ಪನ ಸೂಜಿ ತೋರಿಸಿದ್ದರು.

"ಪುಟ್ಟೂ, ಮೊಟ್ಟೆ ಕಾಣಿಸ್ತಾ?" ಎಂದು ಅಕ್ಕನ ದನಿ ಮೆಟ್ಟಿಲೇರಿ ಬಂತು.

ಕನ್ನಡಕದವರು ಇನ್ನೊಮ್ಮೆ ಆ ಬಿಳೀ ಮಿನುಗನ್ನು ನೋಡಿದರು.

"ಕಾಣಿಸ್ತು ಅಕ್ಕಾ."

"ಸದ್ಯ," ಎಂದರು ಅಕ್ಕ. ಮತ್ತೆ ಕೇಳಲಿಲ್ಲ.

ಮತ್ತೆ ಕೇಳಿದ್ದರೆ ಇವರು ನಿಜ ಹೇಳುತ್ತಿದ್ದರೋ ಏನೋ. ಕೇಳಲಿಲ್ಲವಲ್ಲ ಎಂದು ಅಕ್ಕನ ಮೇಲೇ ಒಂದು ಘಳಿಗೆ ಸಿಟ್ಟು ಬಂತು. ಆಮೇಲೆ ಮುಚ್ಚಳ ಹಾಕಿ, ಅದರ ಮೇಲೆ ಒಂದು ಕಲ್ಲಿಟ್ಟು, ಪೆಟ್ಟಿಗೆಗೆ ತಮ್ಮ ಹಳೆಯ ಸ್ವೆಟರ್ ಸುತ್ತಿ ಕೆಳಗೆ ಬಂದರು. ಆ ವಾರವೇ ಚಳಿ ಟೊಂಕ ಕಟ್ಟಿಕೊಂಡು ಇಳಿಯಿತು. ಬೇಕರಿಯವರ ಹೆಚ್ಚಿನ ರಾಣಿಯನ್ನು ಪಕ್ಕದ ಊರಿನವರೊಬ್ಬರು ಕೇಳಿ ತೆಗೆದುಕೊಂಡು ಹೋದರು.

ಚಳಿಗಾಲದಲ್ಲಿ ಪೆಟ್ಟಿಗೆ ತೆರೆಯಬಾರದು, ಕಿವಿಗೊಟ್ಟು ಕೇಳಬೇಕು. ಕನ್ನಡಕದವರು ಪ್ರತಿ ಭಾನುವಾರ ಟೋಪಿ ಸರಿಸಿ ಹಲಗೆಗೆ ಕಿವಿ ಹಚ್ಚುತ್ತಿದ್ದರು. ಮೊದಮೊದಲು ಒಳಗೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುವಂಥ ಸದ್ದಿತ್ತು. ತಿಂಗಳು ಕಳೆದ ಮೇಲೆ ಅದು ಸಣ್ಣ ಪಾತ್ರೆಯಾಯಿತು. ಇನ್ನೊಂದು ತಿಂಗಳಿಗೆ ಲೋಟ. ಕಣ್ಣು ಚೆನ್ನಾಗಿದೆ ಎಂದು ಹಟ ಹಿಡಿದಿದ್ದವರು ಈಗ ಕಿವಿ ಮಂದವಾಗಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಒಟ್ಟಿನಲ್ಲಿ ದೇಹದ ಒಂದೊಂದೇ ಅಂಗವನ್ನು ಬಲಿ ಕೊಡುತ್ತ ಬಂದರು, ಕಣ್ಣೊಂದನ್ನು ಬಿಟ್ಟು.

ಕೆಳಗೆ ಅಕ್ಕನ ಕಥೆ ತಿರುಗುಮುರುಗಾಗಿತ್ತು. ಮೊದಲು ಮಂಚದಿಂದ ಕುರ್ಚಿಗೆ, ಆಮೇಲೆ ನಾಲ್ಕು ಕಾಲಿನ ಚೌಕಟ್ಟು ಹಿಡಿದು ಅಂಗಡಿಯ ಬಾಗಿಲಿಗೆ, ಆಮೇಲೆ ಬರೀ ಕೋಲಿನ ಮೇಲೆ. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ "ದಿನಕ್ಕೆ ಎರಡು ಮೆಟ್ಟಿಲು ಸಾಕು ಅಮ್ಮಾ" ಎಂದರೆ, ಅಕ್ಕ ಅವಳು ಹೋದ ಮೇಲೆ ಇನ್ನೆರಡು ಹತ್ತುತ್ತಿದ್ದರು. "ನಮ್ಮನೆಯವರ ಪೆಟ್ಟಿಗೆ ತೆರೆಯೋ ಹೊತ್ತಿಗೆ ನಾನು ಮೇಲಿರಬೇಕು," ಎಂದು ನೋವಿಗೆ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದರು. ಇವತ್ತು ಎಂಟು, ಇವತ್ತು ಹನ್ನೊಂದು ಎಂದು ಮನೆಯಲ್ಲಿ ದಿನಾ ಘೋಷಣೆಯಾಗುತ್ತಿತ್ತು. ಪ್ರತಿ ಘೋಷಣೆಗೂ ಕನ್ನಡಕದವರು ಕೈಗೆ ಸಿಕ್ಕ ಫ್ರೇಮೊಂದನ್ನು ಎತ್ತಿಕೊಂಡು ಒರೆಸಲು ಶುರುಮಾಡುತ್ತಿದ್ದರು.

ಕೊನೆಗೊಂದು ದಿನ ತಡೆಯಲಾರದೆ ಬೇಕರಿಗೆ ಹೋದರು. ಬೇಕಿಲ್ಲದ ಎರಡು ಬ್ರೆಡ್ಡು ಕಟ್ಟಿಸಿಕೊಂಡು, ಒಲೆಯ ಬಿಸಿಗೆ ಕೈ ಕಾಯಿಸುತ್ತ ಮಾತು ತೆಗೆದರು.

"ನನ್ನ ಪರಿಚಯದವರೊಬ್ಬರು ಇದ್ದಾರೆ. ಜೇನು ಸಾಕ್ತಾರೆ. ಅವರ ರಾಣಿ ಚಳಿಗೆ ಮುಂಚೆ ಹೊಸದಾಗಿ ಹುಟ್ಟಿದ್ದು. ಮೊಟ್ಟೆ ಇತ್ತೋ ಇಲ್ಲವೋ ಅವರಿಗೆ ಸರಿಯಾಗಿ ನೆನಪಿಲ್ಲ. ಈಗ ಪೆಟ್ಟಿಗೆಯಲ್ಲಿ ಸದ್ದು ಕಮ್ಮಿ."

ಬೇಕರಿಯವರು ಹಿಟ್ಟಿನ ಕೈ ಒರೆಸಿಕೊಂಡು ಇವರ ಮುಖವನ್ನೇ ನೋಡಿದರು. ಆ ಬೀದಿಯಲ್ಲಿ ಜೇನು ಸಾಕುವವರು ಇದ್ದದ್ದೇ ಎರಡು ಮನೆ.

"ಎಷ್ಟು ನೊಣ ಉಳಿದಿದೆಯಂತೆ ನಿಮ್ಮ ಪರಿಚಯದವರದ್ದು?"

"ಒಂದು ಮುಷ್ಟಿ ಇರಬಹುದಂತೆ."

"ಹಾಗಾದ್ರೆ ಅವರಿಗೆ ಹೇಳಿ, ಇನ್ನು ಮಾಡೋಕೆ ಏನೂ ಇಲ್ಲ. ಆವಾಗ ಒಂದು ಮಾತು ಹೇಳಿದ್ರೆ ನನ್ನ ಹತ್ರ ರಾಣಿ ಇದ್ದಳು. ಹತ್ತು ನಿಮಿಷದ ಕೆಲಸ." ಬೇಕರಿಯವರು ಸ್ವಲ್ಪ ತಡೆದು, "ಮತ್ತೆ ನಿಮ್ಮ ಪರಿಚಯದವರಿಗೆ ಇದನ್ನೂ ಹೇಳಿ. ಅವರ ಅಕ್ಕನಿಗೆ ಮೊದಲು ತಿಳಿಸಲಿ," ಎಂದರು.

ಕನ್ನಡಕದವರು ಬ್ರೆಡ್ಡಿನ ಪೊಟ್ಟಣ ಅಲ್ಲೇ ಮರೆತು ಮನೆಗೆ ಬಂದರು. ಅಂದಿನಿಂದ ದಿನಕ್ಕೆ ಹತ್ತು ಸಲ ಹಿಂದಿನ ಕೋಣೆಯ ಬಾಗಿಲವರೆಗೆ ಹೋಗುವರು, ಅಕ್ಕನ ಮುಖ ನೋಡುವರು, "ಟೀ ಬೇಕಾ ಅಕ್ಕಾ?" ಎಂದು ಕೇಳಿ ವಾಪಸ್ಸು ಬರುವರು. ಆ ಚಳಿಗಾಲ ಅಕ್ಕ ಕುಡಿದಷ್ಟು ಟೀಯನ್ನು ಜೀವಮಾನದಲ್ಲಿ ಕುಡಿದಿರಲಿಲ್ಲ.

ಹೂವು ಬಿಟ್ಟವು. ಬೀದಿಬದಿಯ ಮರಗಳು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬಿಳಿಯಾದವು. ಬೇಕರಿಯವರ ನೊಣಗಳು ಅವುಗಳ ಮೇಲೆ ಗುಂಯ್ ಎನ್ನುತ್ತಿದ್ದ ಒಂದು ಬೆಳಿಗ್ಗೆ ಅಕ್ಕ ಕೋಲು ಹಿಡಿದು ಮೆಟ್ಟಿಲ ಬಳಿ ಬಂದರು. ಹೆಂಡತಿ ಒಂದು ಪಕ್ಕ, ಕನ್ನಡಕದವರು ಹಿಂದೆ. ಒಂದು ಮೆಟ್ಟಿಲಿಗೆ ಒಂದು ಉಸಿರು. ಹದಿನೇಳು ಹತ್ತಿ ತಿರುವಿನಲ್ಲಿ ಹಾಕಿದ್ದ ಕುರ್ಚಿಯ ಮೇಲೆ ಕೂತು ಅಕ್ಕ ಬೆವರು ಒರೆಸಿಕೊಂಡರು. ಅವರ ಮುಖದಲ್ಲಿ ಇದ್ದ ಖುಷಿ ನೋಡಿ ಕನ್ನಡಕದವರಿಗೆ ಇನ್ನು ಮುಚ್ಚಿಡಲು ಸಾಧ್ಯವಾಗಲಿಲ್ಲ.

"ಅಕ್ಕಾ, ಹತ್ತೋದು ಬೇಡ."

"ಯಾಕೋ?"

"ನಾನು ಮೊಟ್ಟೆ ನೋಡಿರಲಿಲ್ಲ. ಸುಳ್ಳು ಹೇಳಿದ್ದೆ. ನಂಗೆ ಹತ್ತಿರದ್ದು ಕಾಣಿಸಲ್ಲ ಅಕ್ಕಾ. ನಾಲ್ಕು ವರ್ಷ ಆಯ್ತು."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಅಕ್ಕ ಕೋಲನ್ನು ಎರಡು ಕೈಯಲ್ಲಿ ಹಿಡಿದು ಮೇಲಿನ ಮೆಟ್ಟಿಲುಗಳನ್ನು ನೋಡುತ್ತ ಕೂತರು. ತಮ್ಮನಿಗೆ ಬೈಗುಳ ಬೇಕಿತ್ತು, ಅದು ಬರಲಿಲ್ಲ.

"ಹದಿನೇಳು ಹತ್ತಿದ್ದೀನಿ," ಎಂದರು ಅಕ್ಕ ಕೊನೆಗೆ. "ಇನ್ನು ಹದಿನೇಳು. ನಡಿ."

ಪೆಟ್ಟಿಗೆಯ ಸ್ವೆಟರನ್ನು ಅಕ್ಕನೇ ಬಿಚ್ಚಿದರು. ಹೊಗೆ ಬೇಕಾಗಲಿಲ್ಲ. ತಳದಲ್ಲಿ ಸತ್ತ ನೊಣಗಳು ಒಣಗಿದ ಹೊಟ್ಟಿನ ಹಾಗೆ ಬಿದ್ದಿದ್ದವು. ಮೇಲೆ ಜೇನು ತುಂಬಿದ ಎರಿಗಳು ಹಾಗೇ ಇದ್ದವು, ತಿನ್ನಲು ಬಾಯಿಗಳಿರಲಿಲ್ಲ. ನಡುವಿನ ಚೌಕಟ್ಟಿನಲ್ಲಿ ಮೂವತ್ತು ನಲವತ್ತು ನೊಣ ಒಂದಕ್ಕೊಂದು ಅಂಟಿಕೊಂಡಿದ್ದವು, ಅವುಗಳ ನಡುವೆ ರಾಣಿ ಚುರುಕಾಗಿ ಓಡಾಡುತ್ತಿದ್ದಳು. ಅಲ್ಲೊಂದು ಇಲ್ಲೊಂದು ಕೋಣೆಯ ಮುಚ್ಚಳ ಬಟಾಣಿಯ ಹಾಗೆ ಉಬ್ಬಿತ್ತು.

"ನೋಡು, ಗಂಡುಮರಿ," ಎಂದು ಅಕ್ಕ ಬೆರಳು ತೋರಿಸಿದರು. "ಪಾಪ, ಅವಳ ಕೈಲಾದ್ದು ಮಾಡಿದ್ದಾಳೆ. ಅವಳ ತಪ್ಪೇನೂ ಇಲ್ಲ." ಆಮೇಲೆ ಮುಚ್ಚಳವನ್ನು ಸೆರಗಿನಿಂದ ಒರೆಸಿ ಮುಚ್ಚಿದರು. ಅವರು ಅಳುತ್ತಿದ್ದದ್ದು ಕನ್ನಡಕದವರಿಗೆ ಚೆನ್ನಾಗಿಯೇ ಕಂಡಿತು. ಅಷ್ಟು ದೂರದಲ್ಲಿ ಅವರು ನಿಂತಿದ್ದರು.

ನಾಲ್ಕು ದಿನದಲ್ಲಿ ಉಳಿದವೂ ಸತ್ತವು.

ಅಕ್ಕ ಆಮೇಲೂ ಬೈಯಲಿಲ್ಲ. ಮಾತು ಬಿಡಲಿಲ್ಲ. ಆದರೆ ಒಂದು ಹೊಸ ಅಭ್ಯಾಸ ಶುರುವಾಯಿತು. "ಪುಟ್ಟೂ, ಹಿಂದಿನ ಬಾಗಿಲು ಹಾಕಿದ್ಯಾ?" "ಹಾಕಿದೆ ಅಕ್ಕಾ." ಒಂದು ನಿಮಿಷ ಬಿಟ್ಟು, "ಹಾಕಿದ್ಯಾ?" "ನನ್ನ ಮಾತ್ರೆ ತಂದ್ಯಾ?" "ತಂದೆ." "ತಂದ್ಯಾ?" ಬೇಕೆಂದು ಚುಚ್ಚುತ್ತಿರಲಿಲ್ಲ, ಅದು ತಾನಾಗಿ ಬರುತ್ತಿತ್ತು. ಎರಡನೆಯ ಸಲ ಕೇಳಿ ಅಕ್ಕ ತಾವೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಐವತ್ತೆಂಟು ವರ್ಷ ಒಂದೇ ಸಲ ಕೇಳಿಸಿಕೊಂಡವರಿಗೆ ಆ ಎರಡನೆಯ ಸಲ ಎಲ್ಲಿ ತಾಗಬೇಕೋ ಅಲ್ಲಿ ತಾಗುತ್ತಿತ್ತು. ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತಲ್ಲ ಎಂದು ಅವರು ಹೆಂಡತಿಯ ಮುಂದೆ ಗೋಳಾಡಿದರು.

"ಅದಿರಲಿ, ಈಗಲಾದ್ರೂ ಕನ್ನಡಕ ಹಾಕ್ಕೋತೀರೋ ಇಲ್ವೋ?" ಎಂದರು ಹೆಂಡತಿ.

"ಇವತ್ತು ಬೆಳಕು ಸರಿ ಇಲ್ಲ, ನಾಳೆ ನೋಡೋಣ." ಒಪ್ಪಿಕೊಂಡಾಗಿದ್ದರೂ ಹಾಕಿಕೊಳ್ಳಲು ಮನಸ್ಸಿಲ್ಲ. ಹಟ ಸತ್ತರೂ ಅದರ ಅಭ್ಯಾಸ ಸತ್ತಿರಲಿಲ್ಲ.

ಹಾಗಾಗಿ ಒಂದು ಸಂಜೆ ಗಿರಾಕಿಗಳೆಲ್ಲ ಹೋದ ಮೇಲೆ ಅತ್ತಿಗೆ ನಾದಿನಿ ಸೇರಿ ಅವರನ್ನು ಗಿರಾಕಿಯ ಸ್ಟೂಲಿನ ಮೇಲೆ ಕೂರಿಸಿದರು. ಅಕ್ಕ ಓದುವ ಕಾರ್ಡನ್ನು ಅವರ ಕೈಗೆ ಕೊಟ್ಟು, "ಕೊನೇ ಸಾಲು ಓದು," ಎಂದರು.

ಕನ್ನಡಕದವರು ಅದನ್ನು ಕೈ ಚಾಚಿ ಹಿಡಿದು, ಅಭ್ಯಾಸಬಲದಿಂದ, "ಬಡಗಿ ಬಾಗಿಲು ತೆಗೆದ, ಹೊರಗೆ ಬೆಳಕಿತ್ತು," ಎಂದುಬಿಟ್ಟರು.

"ಕಾರ್ಡಿನ ಹಿಂಭಾಗ ಕೊಟ್ಟಿದ್ದೀನಿ ಪುಟ್ಟೂ," ಎಂದರು ಅಕ್ಕ. "ಅಲ್ಲಿ ಬಡಗಿ ಇಲ್ಲ. ನಾನು ಬರೆದಿದ್ದೀನಿ."

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಗಂಡನ ಮೂಗಿನ ಮೇಲಿಂದ ಚಿನ್ನದ ಫ್ರೇಮು ತೆಗೆದು, ಪರೀಕ್ಷೆಯ ದಪ್ಪ ಫ್ರೇಮು ಕೂರಿಸಿ, ಒಂದೊಂದೇ ಗಾಜು ಹಾಕುತ್ತ ಹೋದರು. ಮೂರನೆಯ ಗಾಜಿಗೆ ಕಾರ್ಡಿನ ಮಂಜು ಸರಿಯಿತು. ಅಕ್ಕನ ಕೈಬರಹ, ಎಕ್ಸ್‌ಚೇಂಜಿನ ಚೀಟಿಗಳಲ್ಲಿ ಬರೆದು ಬರೆದು ಸಣ್ಣಗಾದ ಗುಂಡು ಅಕ್ಷರ:

'ಕಾಣಿಸಲ್ಲ ಅಂದಿದ್ದರೆ ನಾನು ಬೈಯುತ್ತಿರಲಿಲ್ಲ.'

ಓದಿ ತಲೆಯೆತ್ತಿದರು. ಎದುರಿಗೆ ಒಂದು ಮೊಳ ದೂರದಲ್ಲಿ ಅಕ್ಕನ ಮುಖ. ನಾಲ್ಕು ವರ್ಷದಿಂದ ಅವರು ಆ ಮುಖವನ್ನು ಹತ್ತಿರದಿಂದ ನೋಡಿರಲಿಲ್ಲ. ಅಷ್ಟು ಸುಕ್ಕುಗಳು ಯಾವಾಗ ಬಂದವೋ ಅವರಿಗೆ ತಿಳಿಯಲಿಲ್ಲ.

"ಅಪ್ಪ ಇದ್ದಿದ್ರೆ ಏನಂತಿದ್ರೋ," ಎಂದು ಸುಮ್ಮನೆ ಮಾತು ಮರೆಸಿದರು. "ಎಂಬತ್ತು ವರ್ಷಕ್ಕೂ ಸೂಜಿ ಪೋಣಿಸ್ತಿದ್ರು."

"ಅಪ್ಪನಾ?" ಅಕ್ಕ ಕೋಲಿನ ತುದಿಯಿಂದ ಗಾಜಿನ ಡಬ್ಬಿಯನ್ನು ತೋರಿಸಿದರು. "ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ಬಂದು ಅದಕ್ಕೆ ನೂಲು ಪೋಣಿಸಿ ಇಟ್ಟು ಹೋಗ್ತಿದ್ದವಳು ನಾನು. ಅವರು ತುದಿ ಬೆರಳಲ್ಲಿ ಮುಚ್ಚಿ ಹಿಡ್ಕೊಂಡು, ಜನ ಬಂದಾಗ ಎಳೆದು ತೋರಿಸ್ತಿದ್ರು. ಯಾರಿಗೂ ನಷ್ಟ ಇರಲಿಲ್ಲ, ಅದಕ್ಕೆ ಸುಮ್ಮನಿದ್ದೆ."

ಮರುದಿನ ಡಬ್ಬಿ ಮೇಜಿನಿಂದ ಮಾಯವಾಯಿತು. ಚಿನ್ನದ ಫ್ರೇಮು ಅಲ್ಲೇ ಉಳಿಯಿತು, ಒಳಗಿನ ಗಾಜು ಬದಲಾಯಿತು. ಬೀದಿಯವರು ಜೀರೋ ಪವರ್ ಎನ್ನುವುದನ್ನು ಮಾತ್ರ ಬಿಡಲಿಲ್ಲ. ಅಭ್ಯಾಸ ಅವರಿಗೂ ಇರುತ್ತದಲ್ಲ.

ಹೂವಿನ ಕಾಲ ಜೋರಾದಾಗ ಬೇಕರಿಯವರು ಒಂದು ಸಂಜೆ ಚಿಕ್ಕ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದರು. ತಮ್ಮ ದೊಡ್ಡ ಕುಟುಂಬವನ್ನು ಪಾಲು ಮಾಡಿ, ನಾಲ್ಕು ಚೌಕಟ್ಟು ನೊಣ, ಜೊತೆಗೆ ಇನ್ನೇನು ಹೊರಬರಲಿದ್ದ ರಾಣಿಯ ಗೂಡೊಂದನ್ನು ತಂದಿದ್ದರು. "ನಿಮ್ಮ ಮನೆ ಮೊಮ್ಮಗಳು, ತವರಿಗೆ ಬಂದಿದ್ದಾಳೆ," ಎಂದರು ಅಕ್ಕನಿಗೆ. "ನಿಮ್ಮ ಪರಿಚಯದವರು ಹೇಗಿದ್ದಾರೆ?" ಎಂದರು ಕನ್ನಡಕದವರಿಗೆ. ಅಕ್ಕ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದರು.

ಹದಿನೆಂಟು ದಿನದ ಮೇಲೆ ನೋಡಬೇಕು ಎಂದಾಯಿತು. ಅವತ್ತು ಅಕ್ಕನಿಗೆ ಸೊಂಟ ನೋಯುತ್ತಿತ್ತು, ಮೇಲೆ ಬರಲಿಲ್ಲ. ಕನ್ನಡಕದವರು ಮುಖಪರದೆಯೊಳಗೆ ಕನ್ನಡಕ ಸರಿಮಾಡಿಕೊಂಡು ಪೆಟ್ಟಿಗೆ ತೆರೆದರು. ಬಿಸಿಲು ಬೆನ್ನಿಗೆ ಬೀಳುವ ಹಾಗೆ ನಿಂತು, ಚೌಕಟ್ಟನ್ನು ಮೂಗಿನ ಹತ್ತಿರ ತಂದರು. ಒಂದೊಂದು ಕೋಣೆಯ ತಳವೂ, ಅಲ್ಲಿ ಮೇಣದ ಮೂರು ಹಾಳೆ ಕೂಡುವ ಮಡಿಕೆಯೂ, ಅಂಟಿದ ಪರಾಗದ ಕಣವೂ ಕಂಡಿತು. ರಾಣಿ ಕಂಡಳು, ಎಳೆಯವಳು, ಗಾಬರಿಗಾರ್ತಿ. ನಾಲ್ಕೂ ಚೌಕಟ್ಟುಗಳನ್ನು ಎರಡೂ ಕಡೆ ನೋಡಿದರು, ಮತ್ತೆ ಮೊದಲಿನಿಂದ ನೋಡಿದರು. ಹಿಂದಿನ ವಾರವೆಲ್ಲ ಗಾಳಿ ಬೀಸಿತ್ತು, ರಾಣಿ ಹೊರಗೆ ಹಾರಿರಲಿಕ್ಕಿಲ್ಲ. ಕೋಣೆಗಳು ಹೊಳಪಾಗಿ, ಸಿದ್ಧವಾಗಿ, ಖಾಲಿಯಾಗಿದ್ದವು.

"ಪುಟ್ಟೂ, ಮೊಟ್ಟೆ ಕಾಣಿಸ್ತಾ?"

ಕನ್ನಡಕದವರು ಚೌಕಟ್ಟು ಹಿಡಿದುಕೊಂಡೇ ಮೆಟ್ಟಿಲ ಬಾಯಿಗೆ ಬಂದರು. ಒಳ್ಳೆಯ ಸುದ್ದಿಯಲ್ಲ.

"ಇಲ್ಲ ಅಕ್ಕಾ. ಕಾಣಿಸ್ಲಿಲ್ಲ."

ಅವರು ಎರಡನೆಯ ಪ್ರಶ್ನೆಗೆ ಕಾದರು. ಒಂದು ನಿಮಿಷವಾಯಿತು. ಚೌಕಟ್ಟಿನ ನೊಣವೊಂದು ಅವರ ಕೈಗೆ ಹತ್ತಿ ಹೆಬ್ಬೆರಳ ಉಗುರಿನ ಮೇಲೆ ನಡೆದಾಡಿತು.

"ಸರಿ," ಎಂದರು ಅಕ್ಕ. "ಹಾಗಾದ್ರೆ ಇಲ್ಲ. ಮುಚ್ಚಿ ಬಾ, ಇನ್ನೊಂದು ವಾರ ನೋಡೋಣ. ಆಗಲೂ ಇಲ್ಲದಿದ್ರೆ ಬೇಕರಿಯವರಿಗೆ ಹೇಳ್ತೀನಿ."

ಅಷ್ಟೇ. ಮತ್ತೆ ಕೇಳಲಿಲ್ಲ. ಕೆಳಗಿನ ಕೋಣೆಯಲ್ಲಿ ಅಕ್ಕ ಕೋಲು ಗೋಡೆಗೆ ಒರಗಿಸಿ, ಯಾವುದೋ ಗಿರಾಕಿಯ ತಪ್ಪು ಅಕ್ಷರವನ್ನು ತಿದ್ದುತ್ತಿದ್ದದ್ದು ಕೇಳಿಸಿತು. ಕನ್ನಡಕದವರು ಚೌಕಟ್ಟನ್ನು ಹುಷಾರಾಗಿ ಒಳಗಿಳಿಸಿ, ಮುಚ್ಚಳ ಒರೆಸಿ, ಪರದೆ ತೆಗೆದು, ಒದ್ದೆಯಾದ ಕನ್ನಡಕವನ್ನು ಅಂಗಿಯ ತುದಿಯಿಂದ ಉಜ್ಜಿಕೊಂಡು ಮೆಟ್ಟಿಲಿಳಿದರು.